ನಮ್ಮ ಬಾವಿಯನ್ನು ಹೊಗಳಿದವರು

ಕಳೆದ ತಿಂಗಳು ಒಬ್ಬಳು ಹುಡುಗಿ ಫೋನ್ ಮಾಡಿದ್ದಳು. ಅವಳ ಆಫೀಸಿನ ಹಿರಿಯರೊಬ್ಬರು ನಿವೃತ್ತರಾಗುತ್ತಿದ್ದಾರಂತೆ, ಅವರಿಗೊಂದು ನೆನಪಿನ ಪುಸ್ತಕ ಮಾಡಿಕೊಡುತ್ತಾರಂತೆ, ಅವರು ಕೆಲಸ ಮಾಡಿದ ಬಡಾವಣೆಗಳ ಜನರಿಂದಲೂ ಎರಡೆರಡು ಪುಟ ಬರೆಸಬೇಕಂತೆ. "ಸಾರೇ ನಿಮ್ಮ ನಂಬರ್ ಕೊಟ್ರು ಮೇಡಂ, ನೀವು ತಪ್ಪದೆ ಬರೀತೀರ ಅಂದ್ರು" ಎಂದಳು. ನನಗೆ ಮೈಯೆಲ್ಲ ಉರಿದುಹೋಯಿತು. ಎಂಥ ಧೈರ್ಯ ಈ ಮನುಷ್ಯನಿಗೆ! ಆದರೆ ಆ ಹುಡುಗಿಯನ್ನು ಬೈದು ಏನು ಪ್ರಯೋಜನ, ನೋಡ್ತೀನಮ್ಮ ಎಂದು ಫೋನ್ ಇಟ್ಟೆ. ನೋಡಿ, ಬರೆಯುತ್ತಿದ್ದೇನೆ. ಅವಳಿಗಂತೂ ಕಳಿಸುವುದಿಲ್ಲ.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಅವರ ಹೆಂಡತಿ ಓದಿ ತಲೆ ತಗ್ಗಿಸಬೇಕಾಗುತ್ತದೆ, ಆ ಯಮ್ಮ ನನಗೆ ಏನೂ ಕೆಡುಕು ಮಾಡಿದವರಲ್ಲ. ಯಾವ ಸುರಂಗ, ಯಾವ ಕಂಪನಿ ಎಂದೂ ಬರೆಯುವುದಿಲ್ಲ. ಇದು ಕಂಪನಿಯ ಮೇಲಿನ ದೂರು ಅಲ್ಲ. ದೂರು ಕೊಟ್ಟಾಯಿತು, ಅದರ ಗತಿ ಏನಾಯಿತೆಂದು ಮುಂದೆ ಹೇಳುತ್ತೇನೆ.

ನಾನು ಬಸವೇಶ್ವರನಗರದಲ್ಲಿ ಹಲ್ಲಿನ ಡಾಕ್ಟರು. ಅಪ್ಪ ಕಟ್ಟಿಸಿದ ಮನೆಯ ಮುಂದಿನ ಎರಡು ಕೋಣೆಗಳು ಕ್ಲಿನಿಕ್ಕು, ಹಿಂದೆ ನಾವು ಗಂಡ ಹೆಂಡತಿ ಇರುತ್ತೇವೆ. ಅಪ್ಪ ಈ ಸೈಟು ಕೊಂಡಾಗ ಮನೆಗಿಂತ ಮೊದಲು ತೋಡಿಸಿದ್ದು ಹಿತ್ತಲ ಬಾವಿಯನ್ನು. ಮನೆ ಕಟ್ಟಿದ್ದೇ ಆ ಬಾವಿಯ ನೀರಿನಲ್ಲಿ. ಆಮೇಲೆ ರಸ್ತೆಯವರೆಲ್ಲ ಬೋರು ಕೊರೆಸಿದರು, ಎಷ್ಟೋ ಬೋರು ಬತ್ತಿದವು, ನಮ್ಮ ಬಾವಿಯಲ್ಲಿ ಮಾತ್ರ ನೀರಿತ್ತು. ಕಡು ಬೇಸಿಗೆಯಲ್ಲೂ ನಾವು ಹಗ್ಗವನ್ನು ಒಂದು ಮೊಳ ಉದ್ದ ಮಾಡಿದ್ದಿಲ್ಲ. ಇದನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ಹೇಳಬೇಕಾದ ಹೊತ್ತಿನಲ್ಲಿ ನಾನು ಇದನ್ನು ಹೇಳಲಿಲ್ಲ.

ನಮ್ಮ ರಸ್ತೆಯ ಅಡಿಯಲ್ಲಿ ಸುರಂಗ ಹೋಗುತ್ತದೆ ಎಂದು ಸುದ್ದಿಯಾದಾಗ ಎಲ್ಲರಿಗೂ ಭಯ. ಸರ್ವೆಯವರು ಬಂದರೆ ಯಾರೂ ಗೇಟು ತೆಗೆಯಬಾರದು ಎಂದು ಮಾತಾಡಿಕೊಂಡಿದ್ದೆವು. ಹಾಗೆ ಬಾಗಿಲು ಹಾಕಿಸಿಕೊಂಡು ಹಾಕಿಸಿಕೊಂಡು ಕೊನೆಗೆ ನಮ್ಮ ಗೇಟಿನ ಮುಂದೆ ಬಂದು ನಿಂತವರು ಅವರು. ಅರವತ್ತರ ಹತ್ತಿರದ ವಯಸ್ಸು, ಇಸ್ತ್ರಿ ಮಾಡಿದ ಅಂಗಿ, ಹಣೆಯಲ್ಲಿ ತೆಳ್ಳಗೆ ವಿಭೂತಿ, ಒಂದು ಕೈಯಲ್ಲಿ ಫೈಲು, ಇನ್ನೊಂದು ಕೈ ಎಡಗೆನ್ನೆಯ ಮೇಲೆ. ಆ ಕೈ ನೋಡಿಯೇ ನಾನು ಗೇಟು ತೆಗೆದದ್ದು. ಹಲ್ಲುನೋವಿನವರನ್ನು ಬೀದಿಯಲ್ಲಿ ನಿಲ್ಲಿಸಿ ಮಾತಾಡಿ ನನಗೆ ಅಭ್ಯಾಸವಿಲ್ಲ. "ಮೊದಲು ಒಳಗೆ ಬಂದು ಕೂತ್ಕೊಳಿ, ಸರ್ವೆ ಆಮೇಲೆ" ಎಂದೆ. ಬೂಟು ಗೇಟಿನ ಹತ್ತಿರವೇ ಬಿಟ್ಟು ಬರಿಗಾಲಲ್ಲಿ ಬಂದರು.

ದವಡೆ ಹಲ್ಲಿನ ಬೇರಿನಲ್ಲಿ ಕೀವು ತುಂಬಿತ್ತು. ನಾಲ್ಕು ಸಲ ಕೂರಿಸಿ ಬೇರು ಶುದ್ಧಮಾಡಿ ಹಲ್ಲಿನ ಮೇಲೆ ಟೊಪ್ಪಿ, ಅಂದರೆ ಕ್ರೌನು, ಕೂರಿಸಿದೆ. ಬಾವಿಯ ಕಟ್ಟೆಯ ಮೇಲೆ ಅರ್ಧ ಮೈ ಬಗ್ಗಿಸಿ ಇಣುಕುವ ಮನುಷ್ಯ ನನ್ನ ಕುರ್ಚಿಯಲ್ಲಿ ಕೂತರೆ ಕಣ್ಣು ಬಿಗಿಯಾಗಿ ಮುಚ್ಚಿ ಏನೋ ಜಪ ಮಾಡುತ್ತಿದ್ದರು. ಸೂಜಿ ಎಂದರೆ ಮಗುವಿನ ಹಾಗೆ ಬೆವರುತ್ತಿದ್ದರು. ಅವರ ವಿಷಯದಲ್ಲಿ ಎಷ್ಟು ನಿಜ ಎಷ್ಟು ನಾಟಕ ಎಂದು ನಾನು ಆಮೇಲೆ ಬಹಳ ತಲೆ ಕೆಡಿಸಿಕೊಂಡಿದ್ದೇನೆ. ಹಲ್ಲುನೋವು ಮಾತ್ರ ನಿಜ. ಅದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ಅವರ ಕೆಲಸ ಏನೆಂದು ಅವರೇ ವಿವರಿಸಿದರು. ದಾವಣಗೆರೆ ಕಡೆಯವರು, ಬೆಂಗಳೂರಿಗೆ ಬಂದು ಮೂವತ್ತು ವರ್ಷವಾದರೂ ಮಾತಿನಲ್ಲಿ ಆ ಕಡೆಯ ಎಳೆತ ಉಳಿದಿತ್ತು. "ನಿಮ್ಮ ಭಾಷೇಲೇ ಹೇಳ್ತೀನಿ ನೋಡ್ರಿ ಡಾಕ್ಟ್ರೇ. ವಸಡು ಇಳಿದ್ರೆ ಹಲ್ಲು ಅಲ್ಲಾಡ್ತದಲ್ಲ, ಇದೂ ಹಂಗೇ" ಎಂದರು. ಸುರಂಗ ತೋಡುವಾಗ ಸುತ್ತಲಿನ ಮಣ್ಣಿನಲ್ಲಿರುವ ನೀರು ಅದರೊಳಕ್ಕೆ ಬಸಿಯುತ್ತದೆ. ನೀರು ಬಸಿದ ಮಣ್ಣು ಕುಗ್ಗುತ್ತದೆ, ಅದರ ಮೇಲಿರುವ ಮನೆ ಕೂರುತ್ತದೆ. ಎಲ್ಲ ಮನೆಯೂ ಅಲ್ಲ, ಎಲ್ಲ ಕಡೆಯೂ ಅಲ್ಲ. ಎಲ್ಲಿ ಎಷ್ಟು ಎಂದು ತಿಳಿಯಬೇಕಾದರೆ ಮೊದಲೇ ಬಾವಿಗಳ ನೀರಿನ ಮಟ್ಟ ಅಳೆದಿಡಬೇಕು, ಮನೆಗಳು ಹೇಗಿವೆ, ಎಲ್ಲೆಲ್ಲಿ ಬಿರುಕಿದೆ ಎಂದು ಬರೆದಿಡಬೇಕು. ನಾಳೆ ಏನಾದರೂ ಆದರೆ ಆ ಬರಹವೇ ಮನೆಯವರಿಗೆ ಆಧಾರ, ಕಂಪನಿ ರಿಪೇರಿ ಮಾಡಿಕೊಡಲೇಬೇಕು. ನೀವು ಗೇಟು ತೆಗೆಯದಿದ್ದರೆ ನಷ್ಟ ನಿಮಗೇ ಎಂದರು. ನನಗೆ ಸರಿ ಅನ್ನಿಸಿತು. ಈಗಲೂ ಆ ಮಾತು ತಪ್ಪು ಅನ್ನಿಸುವುದಿಲ್ಲ.

ಪ್ರತಿ ಗುರುವಾರ ಬರುತ್ತಿದ್ದರು. ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಬಾವಿಕಟ್ಟೆಯ ಮೇಲೆ ಹಾಸಿ, ಅದರ ಮೇಲೆ ಮೊಣಕೈ ಊರಿ, ಟೇಪು ಇಳಿಬಿಡುತ್ತಿದ್ದರು. ಟೇಪಿನ ತುದಿ ನೀರು ಮುಟ್ಟಿದರೆ ಮೇಲಿನ ಚಕ್ರ ಕುಂಯ್ ಎನ್ನುತ್ತಿತ್ತು. ಒಮ್ಮೆ ಅಳೆದರೆ ಸಾಲದು, ಎತ್ತಿ ಮತ್ತೆ ಬಿಡಬೇಕು, ಮೂರು ಸಲವೂ ಒಂದೇ ಅಂಕಿ ಬರಬೇಕು. ಆಮೇಲೆ ಫೈಲಿನಲ್ಲಿ ಶಾಯಿ ಪೆನ್ನಿನಿಂದ ಬರೆದು, ಆ ಅಂಕಿಯನ್ನು ನನಗೆ ಓದಿ ಹೇಳಿ, ಟೇಪು ಒರೆಸಿ ಸುತ್ತುತ್ತಿದ್ದರು. ಪೆನ್ಸಿಲ್ಲು ಮುಟ್ಟುತ್ತಿರಲಿಲ್ಲ. "ಓದಿದ್ದನ್ನ ಓದಿದ ಹಾಗೇ ಬರೀಬೇಕು ಡಾಕ್ಟ್ರೇ. ಅಳಿಸೋ ಹಾಗೆ ಬರದ್ರೆ ಯಾರಾದ್ರೂ ಅಳಿಸ್ತಾರೆ" ಎನ್ನುತ್ತಿದ್ದರು.

ಒಂದು ಭಾನುವಾರ ಬೆಳಿಗ್ಗೆ ನಾನು ಹೂವು ಕೀಳುತ್ತಿದ್ದೆ, ಅವರ ಸ್ಕೂಟರು ಬಂದು ನಿಂತಿತು. ಹಿಂದಿನ ಗುರುವಾರ ನಮ್ಮ ಬಾವಿಯ ಅಂಕಿಯನ್ನು ಪಕ್ಕದ ರಸ್ತೆಯ ಸಾಲಿನಲ್ಲಿ ಬರೆದುಬಿಟ್ಟಿದ್ದಾರೇನೋ ಎಂದು ಅನುಮಾನ ಬಂತಂತೆ, ನಿದ್ದೆ ಹತ್ತಲಿಲ್ಲವಂತೆ. ಕೆಂಗೇರಿಯ ಮನೆಯಿಂದ ಅಷ್ಟು ದೂರ ಬಂದು ಮತ್ತೆ ಮೂರು ಸಲ ಅಳೆದು, ಬರೆದದ್ದು ಸರಿಯಾಗಿಯೇ ಇದೆ ಎಂದು ಖಾತ್ರಿ ಮಾಡಿಕೊಂಡು ಹೋದರು. ಕಾಫಿಗೂ ನಿಲ್ಲಲಿಲ್ಲ. ನನ್ನ ಗಂಡ ಪೇಪರಿನಿಂದ ತಲೆಯೆತ್ತಿ, ಇಂಥವರು ಸರ್ಕಾರಿ ಆಫೀಸಿನಲ್ಲಿ ಇರಬೇಕಿತ್ತು ಎಂದರು. ಅಂಥ ಮನುಷ್ಯನನ್ನು ನಂಬದೆ ಇನ್ಯಾರನ್ನು ನಂಬುವುದು, ನೀವೇ ಹೇಳಿ.

ಇನ್ನೊಂದು ಗುಣವೆಂದರೆ ಅವರು ಧಾರಾಳವಾಗಿ ಹೊಗಳುತ್ತಿದ್ದರು. ನಮ್ಮ ಮನೆಯ ಕೆಂಪು ನೆಲ, ಅಪ್ಪ ಮಾಡಿಸಿದ ತೇಗದ ಬಾಗಿಲು, ನನ್ನ ಕೈಯ ಕಾಫಿ, ಎಲ್ಲಕ್ಕೂ ಒಂದೊಂದು ಒಳ್ಳೆಯ ಮಾತು. ಹಲ್ಲಿಗೆ ಟೊಪ್ಪಿ ಕೂರಿಸಿದ ಮರುವಾರ ಅಳತೆ ಮುಗಿಸಿ ಹಿತ್ತಲ ಜಗಲಿಯ ಮೇಲೆ ಕಾಫಿ ಕುಡಿಯುತ್ತಾ ಕೂತಿದ್ದರು, ತೊಡೆಯ ಮೇಲೆ ಫೈಲು.

"ಎಂಥ ಬಾವಿ ರೀ ಡಾಕ್ಟ್ರೇ ಇದು. ಇಂಥ ನೀರು ನಾ ಈ ಕಡೆ ಎಲ್ಲೂ ನೋಡಿಲ್ಲ" ಎಂದರು.

"ಏನ್ ಬಾವಿ ಬಿಡಿ ಸಾರ್, ಬೇಸಿಗೇಲಿ ತಳ ಕಾಣುತ್ತೆ" ಎಂದೆ.

"ಮನೇನೂ ಭಾಳ ಗಟ್ಟಿಯಾಗಿ ಕಟ್ಸಿದಾರೆ ನಿಮ್ಮ ತಂದೆಯವರು."

"ಎಲ್ಲಿ ಗಟ್ಟಿ ಸಾರ್. ಹಿಂದಿನ ಗೋಡೆ ಆಗ್ಲೇ ಒಂದು ಕಡೆ ಕೂತಿದೆ. ಹಳೇ ಮನೆ, ಹೇಗೋ ನಡೀತಿದೆ."

ಬೇಸಿಗೆಯಲ್ಲಿ ತಳ ಕಂಡದ್ದೂ ಇಲ್ಲ, ಗೋಡೆ ಕೂತದ್ದೂ ಇಲ್ಲ. ಹಿಂದಿನ ಕಿಟಕಿಯ ಮೇಲೆ ಗಾರೆಯಲ್ಲಿ ಕೂದಲಿನಷ್ಟು ಗೀರು ಒಂದಿತ್ತು, ಅಷ್ಟೇ. ಮತ್ತೆ ಯಾಕೆ ಹಾಗೆ ಹೇಳಿದೆ ಎಂದರೆ ನಮ್ಮಲ್ಲಿ ಎಲ್ಲರೂ ಹಾಗೇ ಹೇಳುವುದು. ಮಗು ಗುಂಡಗಿದೆ ಎಂದರೆ ಎಲ್ಲಿ, ಊಟವೇ ಮಾಡಲ್ಲ ಎನ್ನುತ್ತೇವೆ. ಸೀರೆ ಚೆನ್ನಾಗಿದೆ ಎಂದರೆ ಅಯ್ಯೋ ಹಳೇದು ಎನ್ನುತ್ತೇವೆ. ಹೌದು, ಚೆನ್ನಾಗಿದೆ ಎಂದು ಒಪ್ಪಿಕೊಂಡರೆ ಜಂಬ ಎಂದಾಗುತ್ತದೆ, ದೃಷ್ಟಿಯೂ ತಾಗುತ್ತದೆ. ನಾನು ಓದಿದವಳು, ದೃಷ್ಟಿಗಿಷ್ಟಿ ನಂಬುವುದಿಲ್ಲ. ಆದರೂ ಬಾಯಿಗೆ ಬರುವುದು ಅದೇ ಮಾತು.

ಅವರು ಬರೆದುಕೊಳ್ಳುತ್ತಿದ್ದರು. ಯಾವಾಗಲೂ ಏನಾದರೊಂದು ಬರೆಯುತ್ತಲೇ ಇರುವ ಮನುಷ್ಯ, ನಾನೇನೂ ಲಕ್ಷ್ಯ ಕೊಡಲಿಲ್ಲ. ಬರೆದು ಮುಗಿಸಿ, ಇಲ್ಲೊಂದು ಸಹಿ ಎಂದು ಫೈಲು ನನ್ನ ಕಡೆ ತಿರುಗಿಸಿದರು. ಇಂಗ್ಲಿಷಿನಲ್ಲಿ ಮೂರು ಪುಟದ ಫಾರಂ. ಹಾಕಿದೆ. ಹಲ್ಲು ಕೀಳುವ ಮೊದಲು ನಾನೂ ರೋಗಿಗಳಿಂದ ಫಾರಂ ಮೇಲೆ ಸಹಿ ಹಾಕಿಸಿಕೊಳ್ಳುತ್ತೇನೆ, ಇಷ್ಟು ವರ್ಷದಲ್ಲಿ ಅದನ್ನು ಓದಿ ಸಹಿ ಹಾಕಿದವರು ಒಬ್ಬರೂ ಇಲ್ಲ. ನಾನು ಡಾಕ್ಟರು ಎಂಬ ನಂಬಿಕೆ ಅವರಿಗೆ. ನನಗೂ ಅಂಥದೇ ನಂಬಿಕೆಯಿತ್ತು.

ನನ್ನ ಸಹಿಯ ಮಟ್ಟಿಗೆ ನಿಂತಿದ್ದರೆ ಇಷ್ಟು ಸಂಕಟ ಇರುತ್ತಿರಲಿಲ್ಲ. ರಸ್ತೆಯ ಉಳಿದ ಹತ್ತು ಮನೆಗೂ ಅವರನ್ನು ನಾನೇ ಕರೆದುಕೊಂಡು ಹೋದೆ. ಮೂಲೆಮನೆಯ ಕಮಲಮ್ಮ ಒಪ್ಪಲಿಲ್ಲ. ಕಮಲಮ್ಮನವರು ಇಲ್ಲಿ ಬಡಾವಣೆ ಆಗುವ ಮೊದಲಿನಿಂದ ಇದ್ದ ಹಳ್ಳಿಯ ಮನೆತನದವರು. ಈಗ ನಮ್ಮ ರಸ್ತೆ ಇರುವ ಕಡೆ ಅವರ ರಾಗಿ ಹೊಲ ಇತ್ತು, ಅದರ ಕೆಳಗೆ ಕೆರೆಯಿತ್ತು, ಅವರತ್ತೆ ಅಲ್ಲಿ ಎಮ್ಮೆ ತೊಳೆಯುತ್ತಿದ್ದರಂತೆ. ಕಾಗದದ ಮೇಲೆ ಸಹಿ ಹಾಕಿ ಹಾಕಿಯೇ ಆ ಹೊಲ ಹೋಗಿದ್ದು ಎಂದು ಅವರ ಗಟ್ಟಿ ನಂಬಿಕೆ. "ನಾನಿದೀನಲ್ಲ ಕಮಲಮ್ಮ, ನನ್ನ ಮಾತು ನಂಬಿ" ಎಂದೆ. ಅಷ್ಟರಲ್ಲಿ ನನ್ನ ಜೊತೆ ಬಂದಿದ್ದ ಅವರು ಕಮಲಮ್ಮನ ಅಂಗಳದ ಸೀಬೆ ಗಿಡವನ್ನೂ, ಮನೆಯ ಕಲ್ಲುಚಪ್ಪಡಿಯನ್ನೂ ಮನಸಾರೆ ಹೊಗಳಿ ಆಗಿತ್ತು. ಏನ್ ಮನೆ ಬಿಡಪ್ಪ, ನಮ್ಮ ಮಾವನ ಕಾಲದಿಂದ್ಲೂ ಹಿಂಗೇ ಬಾಯಿ ಬಿಟ್ಕೊಂಡೈತೆ ಎಂದು ಕಮಲಮ್ಮ ನಗುತ್ತಾ ಸಹಿ ಹಾಕಿದರು. ಹತ್ತೂ ಫಾರಮ್ಮಿನಲ್ಲಿ ಸಾಕ್ಷಿಯ ಜಾಗದಲ್ಲಿ ಸಹಿ ನನ್ನದು.

ಕೆರೆಯ ಮಾತು ಕೇಳಿದ ದಿನ ಅವರು ಅದನ್ನೂ ಫೈಲಿನಲ್ಲಿ ಬರೆದುಕೊಂಡರು. ಮುಂದಿನ ವಾರ ಒಂದು ಹಳೆಯ ನಕ್ಷೆಯ ಪ್ರತಿ ತಂದು ನನ್ನ ಮೇಜಿನ ಮೇಲೆ ಹರಡಿ ತೋರಿಸಿದರು. ಕೆರೆಯ ಅಂಚು ಸರಿಯಾಗಿ ನಮ್ಮ ಹಿತ್ತಲಲ್ಲಿ ಹಾದುಹೋಗಿತ್ತು. ಅಂದರೆ ಮನೆಯ ಮುಂಭಾಗ ಗಟ್ಟಿ ನೆಲದ ಮೇಲಿದೆ, ಹಿಂಭಾಗ ತುಂಬಿದ ಮಣ್ಣಿನ ಮೇಲಿದೆ. ಹಾಗಾದರೆ ನಮಗೆ ಅಪಾಯವಾ ಸಾರ್ ಎಂದು ಕೇಳಿದೆ. "ಹೆದರಬ್ಯಾಡ್ರಿ. ಅದಕ್ಕೇ ಅಲ್ವಾ ನಾ ವಾರಾ ವಾರಾ ಬರ್ತಿರೋದು" ಎಂದರು. ಆ ರಾತ್ರಿ ನೆಮ್ಮದಿಯಾಗಿ ಮಲಗಿದೆ, ಹುಚ್ಚಿ.

ಮಳೆಗಾಲ ಕಳೆದ ಮೇಲೆ ಶುರುವಾದ ಗುರುವಾರಗಳು ಶಿವರಾತ್ರಿಯ ಹೊತ್ತಿಗೆ ನಿಂತುಹೋದವು. ಯಾರೋ ಇಬ್ಬರು ಬಂದು ಬಾವಿಯೊಳಗೆ ಒಂದು ತೆಳ್ಳನೆಯ ಪೈಪು ಇಳಿಸಿ, ಅದಕ್ಕೊಂದು ಬೀಗದ ಡಬ್ಬಿ ಕಟ್ಟಿ ಹೋದರು. ಇನ್ನು ಅಳತೆ ಅದರಷ್ಟಕ್ಕೆ ಅದು ತೆಗೆದುಕೊಂಡು ಆಫೀಸಿಗೆ ಕಳಿಸುತ್ತದಂತೆ, ಯಾರೂ ಬರಬೇಕಾಗಿಲ್ಲವಂತೆ. ನಾನು ಫೋನ್ ಮಾಡಿದರೆ ಮೀಟಿಂಗಿನಲ್ಲಿದ್ದೇನೆ, ಆಮೇಲೆ ಮಾಡುತ್ತೇನೆ ಎನ್ನುತ್ತಿದ್ದರು. ಕೆಲಸ ಹೆಚ್ಚಿರಬೇಕು ಎಂದುಕೊಂಡೆ. ಒಂದೆರಡು ಗುರುವಾರ ಅಭ್ಯಾಸಬಲದಿಂದ ಅವರ ಪಾಲಿನ ಡಿಕಾಕ್ಷನ್ನೂ ಹಾಕಿಬಿಟ್ಟೆ.

ಬೇಸಿಗೆಯಲ್ಲಿ ಸುರಂಗ ಕೊರೆಯುವ ಯಂತ್ರ ನಮ್ಮ ಬಡಾವಣೆಯ ಅಡಿಗೆ ಬಂತು. ಮೊದಲು ತಟ್ಟೆ ಲೋಟಗಳು ಸಣ್ಣಗೆ ನಡುಗಿದವು. ಎರಡು ದಿನ ಕಳೆದು ಬಾವಿಗೆ ಕೊಡ ಬಿಟ್ಟರೆ ನೀರು ಸಿಗಲಿಲ್ಲ, ಹಗ್ಗ ಉದ್ದ ಮಾಡಿದೆ. ವಾರ ಕಳೆಯುವುದರೊಳಗೆ ಕೊಡ ಹೋಗಿ ಕಲ್ಲಿಗೆ ಬಡಿಯಿತು. ಹುಟ್ಟಿದಾಗಿನಿಂದ ಆ ಸದ್ದು ನಾನು ಕೇಳಿರಲಿಲ್ಲ, ಬಾವಿಕಟ್ಟೆಗೆ ಒರಗಿ ಅತ್ತುಬಿಟ್ಟೆ.

ಆಮೇಲೆ ಮನೆ. ಅಡಿಗೆಮನೆಯ ಬಾಗಿಲು ಹಾಕಲು ಬರಲಿಲ್ಲ. ಹಿತ್ತಲ ಗೋಡೆ ಸೂರಿನಿಂದ ಬಿಟ್ಟುಕೊಂಡಿತು, ಸಂದಿಯಲ್ಲಿ ಪಕ್ಕದ ಮನೆಯ ತೆಂಗಿನಮರ ಕಾಣುತ್ತಿತ್ತು. ಕ್ಲಿನಿಕ್ಕಿನಲ್ಲಿ ರೋಗಿಗಳು ಬಾಯಿ ಮುಕ್ಕಳಿಸಿ ಉಗಿದ ನೀರು ತೂತಿನ ಕಡೆ ಹರಿಯದೆ ಬೋಗುಣಿಯ ಒಂದೇ ಮೂಲೆಯಲ್ಲಿ ನಿಲ್ಲತೊಡಗಿತು. ಮುಂದಿನ ಭಾಗ ನಿಂತಲ್ಲೇ ನಿಂತಿದೆ, ಹಿಂದಿನದು ಕೂರುತ್ತಿದೆ, ಇಡೀ ಮನೆಯನ್ನು ಅದು ಎಳೆಯುತ್ತಿದೆ. ನೋಡಲು ಬಂದ ಮೇಸ್ತ್ರಿ ಹಿಂದಿನ ಕೋಣೆಗಳಲ್ಲಿ ಮಲಗಬೇಡಿ ಎಂದ. ಹಾಸಿಗೆಗಳನ್ನು ಕ್ಲಿನಿಕ್ಕಿಗೆ ತಂದು ಹಾಕಿಕೊಂಡೆವು. ಹಗಲು ಅಲ್ಲಿ ಹಲ್ಲು ನೋಡುವುದು, ರಾತ್ರಿ ಅಲ್ಲೇ ಮಲಗುವುದು. ಕಮಲಮ್ಮನ ಮನೆಯ ಮುಂಗೋಡೆಯೂ ಒಡೆಯಿತು. ರಸ್ತೆಯ ಹನ್ನೊಂದು ಮನೆಯಲ್ಲಿ ಏನೂ ಆಗದೆ ಉಳಿದದ್ದು ಒಂದೂ ಇಲ್ಲ.

ಆದರೂ ನನಗೆ ಭಯವಿರಲಿಲ್ಲ. ಎಲ್ಲ ಬರೆದಿಟ್ಟಿದೆಯಲ್ಲ, ಅದೂ ಶಾಯಿಯಲ್ಲಿ. ಬುನಾದಿ ಸರಿಪಡಿಸಿ ಗೋಡೆ ಕಟ್ಟಿಸಿಕೊಡಿ ಎಂದು ಕಂಪನಿಗೆ ಅರ್ಜಿ ಹಾಕಿದೆವು. ಎರಡು ತಿಂಗಳಿಗೆ ಉತ್ತರ ಬಂತು. ಸದರಿ ಬಾವಿಯು ಪ್ರತಿ ಬೇಸಿಗೆಯಲ್ಲಿ ಬತ್ತುವುದೆಂದೂ, ಹಿಂಭಾಗದ ಗೋಡೆಯು ಕಾಮಗಾರಿಗೆ ಮುಂಚೆಯೇ ಕುಸಿದಿತ್ತೆಂದೂ ಮಾಲೀಕರೇ ತಿಳಿಸಿರುತ್ತಾರೆ, ಆದ್ದರಿಂದ ರಿಪೇರಿಯ ಹೊಣೆ ಕಂಪನಿಯದಲ್ಲ ಎಂದಿತ್ತು. ಜೊತೆಗೆ ಫಾರಮ್ಮಿನ ಪ್ರತಿ. ಮೂರನೆಯ ಪುಟದಲ್ಲಿ ಮಾಲೀಕರ ಹೇಳಿಕೆ ಎಂಬ ಒಂದು ಜಾಗ. ಅಲ್ಲಿ ಅವರ ದುಂಡನೆಯ ಅಕ್ಷರದಲ್ಲಿ ಜಗಲಿಯ ಮೇಲೆ ಕಾಫಿ ಕುಡಿಯುತ್ತಾ ನಾನಾಡಿದ ಎರಡು ಮಾತುಗಳು. ಅವರು ಅಳೆದದ್ದೆಲ್ಲ ಮಳೆ ಮುಗಿದ ಮೇಲಿನ ತಿಂಗಳುಗಳಲ್ಲಿ. ಆಮೇಲಿನ ಡಬ್ಬಿಯ ಅಂಕಿಗಳು ಕಂಪನಿಯ ಕೈಯಲ್ಲೇ ಇದ್ದವು. ಬೇಸಿಗೆಯಲ್ಲಿ ಬಾವಿ ಹೇಗಿರುತ್ತಿತ್ತು ಎಂಬುದಕ್ಕೆ ನಮ್ಮ ಕಡೆ ಇದ್ದ ಒಂದೇ ಸಾಕ್ಷಿ ನನ್ನ ಬಾಯಿ.

ಅದೇ ಸಂಜೆ ಕಮಲಮ್ಮ ತಮ್ಮ ಕಾಗದ ಹಿಡಿದು ಬಂದರು. ಓದಿ ಹೇಳು ಡಾಕ್ಟ್ರಮ್ಮ ಎಂದರು. ಓದಿದೆ. ಮಾವನವರ ಕಾಲದಿಂದಲೂ ಮನೆ ಬಿರುಕು ಬಿಟ್ಟಿತ್ತೆಂದು ಮಾಲೀಕರು ತಿಳಿಸಿರುತ್ತಾರೆ. ಅವರು ಬೈಯಲಿಲ್ಲ, ಬೈದಿದ್ದರೆ ಎಷ್ಟೋ ವಾಸಿಯಿತ್ತು. "ನಿನ್ ಮಾತ್ ಕೇಳಿ ಹಾಕಿದ್ದಲ್ವೇನವ್ವ" ಎಂದು ಅಷ್ಟು ಮಾತ್ರ ಹೇಳಿ ಕಾಗದ ಮಡಿಸಿಕೊಂಡು ಹೋದರು.

ಮರುದಿನವೇ ಕೆಂಗೇರಿಗೆ ಹೋದೆ. ಬಾಯಿಗೆ ಬಂದದ್ದು ಅಂದುಬಿಡಬೇಕು ಎಂದೇ ಹೋದದ್ದು. ಬಾಗಿಲು ತೆಗೆದವರು ಅವರ ಹೆಂಡತಿ. ನಮ್ಮ ಯಜಮಾನ್ರ ಹಲ್ಲು ಉಳಿಸಿದ ಡಾಕ್ಟರಲ್ವಾ, ಬರ್ರಿ ಬರ್ರಿ ಎಂದು ಕೈ ಹಿಡಿದು ಕೂರಿಸಿ, ಮಂಡಕ್ಕಿ ಕಲಸಿ ತಂದರು. ಆ ಉಪಚಾರದ ಮುಂದೆ ಸಿಟ್ಟನ್ನು ಪಕ್ಕಕ್ಕಿಟ್ಟು ತಟ್ಟೆ ತೆಗೆದುಕೊಂಡೆ. ಯಜಮಾನರು ಎದುರಿನ ಕುರ್ಚಿಯಲ್ಲಿ ಕೂತು ನೆಲ ನೋಡುತ್ತಿದ್ದರು. ಏನಾದರೂ ಮಾತಾಡಬೇಕಲ್ಲ, ಮನೆ ತುಂಬ ಚೆನ್ನಾಗಿದೆ ಎಂದೆ.

"ಅಯ್ಯ, ಏನ್ ಮನೆ ಬಿಡ್ರಿ. ಮಳೆ ಬಂದ್ರೆ ಹಿಂದಿನ ರೂಮು ಸೋರ್ತದೆ" ಎಂದರು ಆಕೆ.

"ಎಲ್ಲೂ ಸೋರಲ್ಲ" ಎಂದರು ಅವರು. ತಲೆಯೆತ್ತಿದ್ದರು. "ಸುಮ್ನೆ ಅಂತಾಳೆ. ಒಂದು ಹನೀನೂ ಸೋರಲ್ಲ."

ಆಕೆ ಪಾಪ, ಏನು ತಪ್ಪು ಮಾಡಿದೆನೋ ಎಂದು ಗಂಡನ ಮುಖ ನೋಡಿದರು. ನಾನು ಮಂಡಕ್ಕಿಯ ತಟ್ಟೆ ಕೆಳಗಿಟ್ಟೆ. ಅಲ್ಲಿಯವರೆಗೂ ಒಳಗೊಳಗೆ ಒಂದು ಆಸೆಯಿತ್ತು. ಏನೋ ಅರಿಯದೆ ಬರೆದಿರಬಹುದು, ಮೇಲಿನವರು ತಿರುಚಿರಬಹುದು, ಕೇಳಿದರೆ ಅಯ್ಯೋ ಹಂಗಾಯ್ತಾ ಎಂದು ಸರಿಪಡಿಸುತ್ತಾರೆ ಎಂದುಕೊಂಡಿದ್ದೆ. ಈಗ ತಿಳಿಯಿತು, ಅಂಥ ಮಾತು ಎಲ್ಲಿಗೆ ಕರೆದೊಯ್ಯುತ್ತದೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ತಮ್ಮ ಮನೆಯಲ್ಲಿ ಹೆಂಡತಿಯ ಬಾಯಿಂದಲೂ ಅದನ್ನು ಬರಗೊಡುತ್ತಿರಲಿಲ್ಲ.

ನನ್ನ ಸ್ಕೂಟರಿನವರೆಗೆ ಅವರೇ ಕಳಿಸಲು ಬಂದರು. ಯಾಕೆ ಸಾರ್ ಹೀಗೆ ಮಾಡಿದಿರಿ ಎಂದು ಕೇಳಿದೆ. ಕೇಳಿದ್ದನ್ನು ಕೇಳಿದ ಹಾಗೇ ಬರೆದಿದ್ದೇನೆ, ಒಂದಕ್ಷರ ಕೂಡಿಸಿಲ್ಲ ಎಂದರು. ಆ ಜಾಗ ಖಾಲಿ ಬಿಟ್ಟರೆ ಆಫೀಸಿನಲ್ಲಿ ಫಾರಂ ವಾಪಸು ಕಳಿಸುತ್ತಾರಂತೆ.

"ನಾವು ಹಾಗೆ ಮಾತಿಗೆ ಅನ್ನೋದು ಅಂತ ನಿಮಗೆ ಗೊತ್ತಿತ್ತು ಸಾರ್."

"ಮೂವತ್ತು ವರ್ಷ ಆಯ್ತು ಮನೆ ಮನೆ ತಿರುಗಿ. ನಮ್ಮನೆ ಚೆನ್ನಾಗೈತಿ ಅಂದೋರು ಒಬ್ರೂ ಸಿಕ್ಕಿಲ್ಲ" ಎಂದರು.

"ಅದಕ್ಕೇ ಎಲ್ಲರ ಮನೆ ಹೊಗಳ್ತಿದ್ರಾ?"

"ಹೊಗಳಿದ್ದು ಸುಳ್ಳಲ್ಲ ಡಾಕ್ಟ್ರೇ. ನಿಮ್ಮ ಬಾವಿ ನಿಜವಾಗ್ಲೂ ಚೆನ್ನಾಗಿತ್ತು" ಎಂದರು.

ಥೂ ನಿಮ್ಮ ಎಂದು ಅಂದೆ. ಹಿರಿಯರಿಗೆ ಹಾಗೆ ಅಂದದ್ದು ಜೀವನದಲ್ಲಿ ಅದೊಂದೇ ಸಲ. ಅವರು ಬೇಸರ ಮಾಡಿಕೊಂಡ ಹಾಗೆ ಕಾಣಲಿಲ್ಲ. ನಿಧಾನಕ್ಕೆ ಹೋಗಿ, ಫ್ಲೈಓವರ್ ಹತ್ತಿರ ರಸ್ತೆ ಅಗೆದಿದ್ದಾರೆ ಎಂದರು.

ನಾವು ಪಟ್ಟು ಬಿಡಲಿಲ್ಲ. ಅರ್ಜಿಯ ಮೇಲೆ ಅರ್ಜಿ ಬರೆದೆವು, ಕೊನೆಗೆ ಕಂಪನಿಯವರು ಒಂದು ವಿಚಾರಣೆ ಇಟ್ಟರು. ಹಿಂದಿನ ದಿನ ರಸ್ತೆಯವರೆಲ್ಲ ಕಮಲಮ್ಮನ ಒಡಕು ಮನೆಯಲ್ಲಿ ಸೇರಿದೆವು. ಮೊದಲ ಫಾರಂ ನನ್ನದು, ಉಳಿದ ಹತ್ತಕ್ಕೂ ಸಾಕ್ಷಿ ನಾನು. ಸಹಿ ಹಾಕುವಾಗ ಆ ಜಾಗ ಖಾಲಿಯಿತ್ತು, ಆಮೇಲೆ ತುಂಬಿಕೊಂಡಿದ್ದಾರೆ ಎಂದು ನಾನೊಬ್ಬಳು ಹೇಳಿದರೆ ಸಾಕು, ಹನ್ನೊಂದು ಫಾರಮ್ಮೂ ಬಿದ್ದುಹೋಗುತ್ತವೆ ಎಂದು ಎಲ್ಲರೂ ಲೆಕ್ಕ ಹಾಕಿದರು. ಕಮಲಮ್ಮ ನನ್ನ ಕೈ ಹಿಡಿದುಕೊಂಡರು. "ಖಾಲಿ ಇತ್ತು ಅನ್ನು ಡಾಕ್ಟ್ರಮ್ಮ. ಒಂದು ಮಾತು" ಎಂದರು. ಆಗಲಿ ಎಂದೆ. ಮೋಸಕ್ಕೆ ಮೋಸ, ಅದರಲ್ಲಿ ಪಾಪವೇನಿದೆ ಅನ್ನಿಸಿತ್ತು.

ವಿಚಾರಣೆಯ ಕೋಣೆಗೆ ಮೊದಲು ನನ್ನನ್ನೇ ಕರೆದರು. ಉಳಿದವರು ಕೆಳಗೆ ಅಂಗಳದಲ್ಲಿ ಕಾಯುತ್ತಿದ್ದರು. ಮೇಜಿನ ಆಚೆ ಮೂವರು, ಒಂದು ತುದಿಯಲ್ಲಿ ನಮ್ಮ ಬಾವಿ ಅಳೆದವರು, ಮುಂದೆ ಅದೇ ಫೈಲು. ಅಧ್ಯಕ್ಷರು ನನ್ನ ಫಾರಂ ತಿರುಗಿಸಿ, ನೀವು ಸಹಿ ಹಾಕುವಾಗ ಈ ಜಾಗದಲ್ಲಿ ಬರಹ ಇತ್ತೋ ಇಲ್ಲವೋ ಎಂದು ಕೇಳಿದರು. ನಾನು ತುದಿಯಲ್ಲಿದ್ದ ಅವರ ಕಡೆ ನೋಡಿದೆ. ಅವರು ನನ್ನನ್ನು ನೋಡಲಿಲ್ಲ, ಕೈ ಕಟ್ಟಿ ಕೂತಿದ್ದರು. ಖಾಲಿ ಇತ್ತು ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಆದರೆ ಅದನ್ನು ಆಡಿದರೆ ಆ ಕೋಣೆಯಲ್ಲಿ ನಿಜ ಬರೆದವರು ಅವರೊಬ್ಬರೇ, ಸುಳ್ಳಿ ನಾನು ಎಂದಾಗುತ್ತಿತ್ತು. ಅದನ್ನು ಮಾತ್ರ ನನ್ನಿಂದ ಸಹಿಸಲು ಆಗಲಿಲ್ಲ. ಸತ್ಯದ ಮೇಲಿನ ಪ್ರೀತಿಯಲ್ಲ ಅದು, ಶುದ್ಧ ಹಟ.

ಬರೆದಿತ್ತು, ನಾನೇ ಹೇಳಿದ್ದು ಎಂದೆ. ಆದರೆ ಅದು ಮರ್ಯಾದೆಗೆ ಆಡಿದ ಮಾತು, ನಮ್ಮ ಬಾವಿ ಎಂದೂ ಬತ್ತಿರಲಿಲ್ಲ, ನಮ್ಮ ಗೋಡೆ ಕೂತಿರಲಿಲ್ಲ, ಯಾರಾದರೂ ಹೊಗಳಿದರೆ ನಾವು ಹಾಗೇ ಅಲ್ಲವೇ ಸಾರ್ ಹೇಳುವುದು ಎಂದು ಉಸಿರು ಬಿಡದೆ ಹೇಳಿದೆ. ಮೂವರಲ್ಲಿ ಒಬ್ಬರು ನಕ್ಕರು. ನಮ್ಮ ಮನೆಯಲ್ಲೂ ಹಾಗೇ ಅಂತಾರೆ ಮೇಡಂ, ಆದರೆ ಕಾಗದದ ಮೇಲೆ ಇರೋದಕ್ಕೆ ನಾವೇನು ಮಾಡೋಕಾಗುತ್ತೆ ಎಂದರು. ಸಾಕ್ಷಿಯೇ ಒಪ್ಪಿದ ಮೇಲೆ ಉಳಿದ ಹತ್ತು ಮಂದಿಯನ್ನು ಕರೆಯುವ ಅಗತ್ಯವಿಲ್ಲ ಎಂದು ಅಧ್ಯಕ್ಷರು ಫೈಲು ಮುಚ್ಚಿದರು. ಹತ್ತು ನಿಮಿಷವೂ ಹಿಡಿಯಲಿಲ್ಲ.

ಹೊರಗೆ ಮೆಟ್ಟಿಲಿನ ಹತ್ತಿರ ಅವರು ನನ್ನ ಹಿಂದೆಯೇ ಬಂದರು. ಕ್ಷಮೆ ಕೇಳುತ್ತಾರೇನೋ ಎಂದು ನಿಂತೆ. ಕೇಳಿದ್ದರೆ ಕ್ಷಮಿಸುತ್ತಿದ್ದೆನೋ ಏನೋ, ನನ್ನ ಬುದ್ಧಿಯೇ ಅಷ್ಟು. ಅವರ ಮುಖದಲ್ಲಿ ನಿಜವಾದ ಸಂತೋಷವಿತ್ತು, ಗೌರವವೂ ಇತ್ತು.

"ನೀವು ಸುಳ್ಳು ಹೇಳೋರಲ್ಲ ಅಂತ ನಂಗೆ ಗೊತ್ತಿತ್ತು ಡಾಕ್ಟ್ರೇ" ಎಂದರು. "ಆಫೀಸಿನೋರು ಭಾಳ ಹೆದರಿದ್ರು, ನೀವು ಖಾಲಿ ಇತ್ತು ಅಂತೀರೇನೋ ಅಂತ. ಆ ಡಾಕ್ಟ್ರನ್ನ ಮೊದ್ಲು ಕರೀರಿ, ನಿಜಾನೇ ಹೇಳ್ತಾರೆ ಅಂತ ನಾನೇ ಹೇಳಿದ್ದೆ."

ನನ್ನ ಹಟ, ನನ್ನ ಮಾನ, ಎಲ್ಲವನ್ನೂ ಮೂರು ಸಲ ಅಳೆದು ಬರೆದಿಟ್ಟುಕೊಂಡಿದ್ದರು ಆ ಮನುಷ್ಯ. ನಾನು ಮೆಟ್ಟಿಲಿಳಿದೆ.

ಕೆಳಗೆ ಕಮಲಮ್ಮ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾ ಎದ್ದು ಬಂದರು. ಹಿಂದೆ ಉಳಿದವರು. "ಏನ್ ಕೇಳಿದ್ರು ಡಾಕ್ಟ್ರಮ್ಮ, ಖಾಲಿ ಇತ್ತು ಅಂದ್ಯಾ" ಎಂದರು.

"ಅಂದೆ ಕಮಲಮ್ಮ" ಎಂದೆ. "ಅವರು ನಂಬಲಿಲ್ಲ."

ಕಮಲಮ್ಮ ನನ್ನ ಬೆನ್ನು ಸವರಿದರು. ಹೋಗ್ಲಿ ಬಿಡವ್ವ, ನೀನ್ ನಮಗಾಗಿ ಅಷ್ಟು ಹೇಳಿದ್ಯಲ್ಲ, ಅಷ್ಟೇ ಸಾಕು ಎಂದರು. ಇವತ್ತಿಗೂ ರಸ್ತೆಯಲ್ಲಿ ಸಿಕ್ಕವರಿಗೆಲ್ಲ ಅದನ್ನೇ ಹೇಳುತ್ತಾರೆ.